ಕ್ರಮವಿಧಿ ಭಾಷೆಯ ಹೊಸ ಆವೃತ್ತಿ ಮತ್ತು ಕನ್ನಡ ಲೈಬ್ರರಿಗಳ ಪರೀಕ್ಷೆ

ಗುಬ್ಬಿ ಎಂಬ ಊರಿನ ಹೆಸರನ್ನು ಕಾಗದದ ಮೇಲೆ ಬರೆಯುವವರು ಅದರಲ್ಲಿ ಎರಡು ಅಕ್ಷರಗಳನ್ನು ಕಾಣುತ್ತಾರೆ. ಒಂದನೆಯ ತರಗತಿಯ ಮಗುವಿಗೂ ಇದರಲ್ಲಿ ಸಂದೇಹವಿಲ್ಲ. ಗಣಕಯಂತ್ರದ ಲೆಕ್ಕವೇ ಬೇರೆ. ಅದು ಈ ಹೆಸರನ್ನು 3223, 3265, 3244, 3277, 3244, 3263 ಎಂಬ ಆರು ಸಂಖ್ಯೆಗಳ ಸಾಲಾಗಿ ಇಟ್ಟುಕೊಳ್ಳುತ್ತದೆ. ಮೊದಲನೆಯದು ಗಕಾರ, ಎರಡನೆಯದು ಉಕಾರದ ಚಿಹ್ನೆ, ಆಮೇಲೆ ಬಕಾರ, ಅದರ ಸ್ವರವನ್ನು ಕಳೆಯುವ ವಿರಾಮ ಚಿಹ್ನೆ, ಮತ್ತೊಂದು ಬಕಾರ, ಕೊನೆಗೆ ಇಕಾರದ ಚಿಹ್ನೆ. ಈ ಸಂಖ್ಯೆಗಳನ್ನು ಗೊತ್ತುಪಡಿಸಿರುವ ಅಂತರರಾಷ್ಟ್ರೀಯ ವ್ಯವಸ್ಥೆಗೆ ಯೂನಿಕೋಡ್ ಎಂದು ಹೆಸರು. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. 3200ರಿಂದ 3327ರವರೆಗಿನ 128 ಸ್ಥಾನಗಳು ಕನ್ನಡದ ಪಾಲಿನವು. ತಜ್ಞರು ಇವನ್ನು ಹದಿನಾರರ ಮೂಲದಲ್ಲಿ ಬರೆಯುವುದು ರೂಢಿ. ವಿದ್ಯಾರ್ಥಿಗಳ ಸೌಲಭ್ಯಕ್ಕಾಗಿ ಇಲ್ಲಿ ದಶಮಾನದಲ್ಲಿ ಕೊಟ್ಟಿದೆ.

ಆರು ಸಂಖ್ಯೆಗಳ ಈ ಸಾಲನ್ನು ಎರಡು ಅಕ್ಷರಗಳ ಪದವೆಂದು ತಿಳಿಯುವುದು, ಅಕಾರಾದಿಯಲ್ಲಿ ಜೋಡಿಸುವುದು, ದೊಡ್ಡ ಪಠ್ಯದೊಳಗೆ ಹುಡುಕಿ ತೆಗೆಯುವುದು, ಇವೆಲ್ಲ ಪ್ರತ್ಯೇಕ ಕೆಲಸಗಳು. ಪ್ರತಿಯೊಬ್ಬ ಕ್ರಮವಿಧಿಕಾರನೂ ಇವನ್ನು ಮೊದಲಿನಿಂದ ಬರೆಯುತ್ತ ಕೂರುವುದಿಲ್ಲ. ಒಬ್ಬರು ಒಮ್ಮೆ ಬರೆದಿಟ್ಟ ಕ್ರಮವಿಧಿಗಳ ಕಟ್ಟನ್ನು ಇತರರು ತಮ್ಮ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ಇಂತಹ ಕಟ್ಟಿಗೆ ಗಣಕ ಪರಿಭಾಷೆಯಲ್ಲಿ ಲೈಬ್ರರಿ ಎಂಬ ಹೆಸರಿದೆ. ಪುಸ್ತಕಗಳ ಭಂಡಾರಕ್ಕೂ ಇದಕ್ಕೂ ಹೋಲಿಕೆ ಇಷ್ಟೇ: ಎರಡೂ ಕಡೆ ಪರರ ಶ್ರಮ ಕೈಗೆ ಸಿಗುತ್ತದೆ. ಕನ್ನಡಕ್ಕೆ ಸಂಬಂಧಿಸಿದ ಇಂತಹ ಲೈಬ್ರರಿಗಳು ಹಲವಿವೆ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಸಂಕೇತಗಳಲ್ಲಿ ಬೆರಳಚ್ಚಾದ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸಲು ಅರವಿಂದ ವಿ. ಕೆ. ಅವರು ಪೈಥಾನ್ ಎಂಬ ಕ್ರಮವಿಧಿ ಭಾಷೆಯಲ್ಲಿ ಬರೆದ ಪರಿವರ್ತಕ ಅವುಗಳಲ್ಲೊಂದು. ಇವರೇ ರೂಪಿಸಿದ ಒಂದು ಕನ್ನಡ ಅಕ್ಷರವಿನ್ಯಾಸಕ್ಕೆ ‘ಗುಬ್ಬಿ’ ಎಂದೇ ಹೆಸರು. ಅದರ ಜೊತೆಯದಕ್ಕೆ ‘ನವಿಲು’ ಎಂದಿರುವುದರಿಂದ, ಅಲ್ಲಿ ಸೂಚಿತವಾಗಿರುವುದು ಊರಲ್ಲ, ಹಕ್ಕಿ ಎಂದೇ ತಿಳಿಯಬೇಕಾಗುತ್ತದೆ!

ಲೈಬ್ರರಿ ಒಂದು ಭಾಷೆಯ ಮೇಲೆ ನಿಂತಿರುತ್ತದೆ. ಆ ಭಾಷೆಯಾದರೋ ನಿಂತಲ್ಲಿ ನಿಲ್ಲುವುದಿಲ್ಲ. ಗೀಡೊ ವಾನ್ ರಾಸಮ್ ಎಂಬ ಡಚ್ ಕ್ರಮವಿಧಿಕಾರ 1991ರಲ್ಲಿ ಲೋಕಕ್ಕೆ ಕೊಟ್ಟ ಪೈಥಾನ್, 2008ರ ಡಿಸೆಂಬರಿನಲ್ಲಿ ತನ್ನ ಮೂರನೆಯ ಅವತಾರವನ್ನು ತಾಳಿತು. ಅಲ್ಲಿಂದ ಮುಂದೆ ಅದರಲ್ಲಿ ಪಠ್ಯವೆಂದರೆ ಯೂನಿಕೋಡ್ ಪಠ್ಯವೇ. ಕನ್ನಡದಂತಹ ಭಾಷೆಗಳಿಗೆ ಇದು ದೊಡ್ಡ ಉಪಕಾರ. 2020ರಿಂದೀಚೆಗೆ ಪ್ರತಿ ವರ್ಷ ಅಕ್ಟೋಬರಿನಲ್ಲಿ ಒಂದು ಹೊಸ ಆವೃತ್ತಿ ಹೊರಬರುವ ಪದ್ಧತಿ ಏರ್ಪಟ್ಟಿದೆ. 3.10 ಎಂಬುದು 2021ರಲ್ಲಿ, 3.11 ಎಂಬುದು 2022ರಲ್ಲಿ, ಹೀಗೆ ಸಾಗಿ 3.14 ಎಂಬುದು 2025ರ ಅಕ್ಟೋಬರ್ 7ರಂದು ಬಂದಿತು. ಪ್ರತಿ ಆವೃತ್ತಿಯಲ್ಲಿಯೂ ಕೆಲವು ಹೊಸ ಸೌಲಭ್ಯಗಳು ಸೇರುತ್ತವೆ, ಕೆಲವು ಹಳೆಯವು ಹೋಗುತ್ತವೆ, ಕೆಲವು ಹೆಸರು ಹಾಗೆಯೇ ಉಳಿದು ನಡತೆ ಮಾತ್ರ ಬದಲಾಯಿಸುತ್ತವೆ. ಈ ಮೂರನೆಯ ಬಗೆಯದೇ ಹೆಚ್ಚು ಅಪಾಯಕಾರಿ. ಇಲ್ಲದ ವಸ್ತುವನ್ನು ಕೇಳಿದರೆ ಯಂತ್ರ ಕೂಡಲೇ ದೋಷವೆಂದು ಸಾರಿ ನಿಂತುಬಿಡುತ್ತದೆ. ಇರುವ ವಸ್ತು ಬೇರೆ ಉತ್ತರ ಕೊಟ್ಟರೆ ಯಾರಿಗೂ ತಿಳಿಯದಂತೆ ಕೆಲಸ ಮುಂದುವರಿಯುತ್ತದೆ.

ಗುಬ್ಬಿಯ ಜನಕ್ಕೆ ಇದನ್ನು ನಾಟಕದ ಭಾಷೆಯಲ್ಲಿ ಹೇಳುವುದು ಸುಲಭ. 1884ರಲ್ಲಿ ಆರಂಭವಾಗಿ, ಮುಂದೆ ವೀರಣ್ಣನವರ ಕಾಲದಲ್ಲಿ ನಾಡಿನಾದ್ಯಂತ ಹೆಸರಾದ ಗುಬ್ಬಿ ಕಂಪನಿ ಊರಿಂದೂರಿಗೆ ಬಿಡಾರ ಬದಲಿಸುತ್ತಿತ್ತು. ನಾಟಕ ಅದೇ, ನಟರು ಅವರೇ, ಆದರೆ ರಂಗಸ್ಥಳ ಬೇರೆ. ಪರದೆ ಏಳುವ ಹೊತ್ತಿನಲ್ಲಿ ರಂಗದ ಅಗಲ ಸಾಲದೆಂದು ಗೊತ್ತಾದರೆ ಪ್ರೇಕ್ಷಕರ ಮುಂದೆ ಮಾಡುವುದೇನೂ ಉಳಿದಿರುವುದಿಲ್ಲ. ಮುಂಚಿತವಾಗಿ ತಾಲೀಮು ನಡೆದಿದ್ದರೆ ದೃಶ್ಯವನ್ನು ತಿದ್ದಿಕೊಳ್ಳಬಹುದು, ಸಾಧ್ಯವಾದರೆ ರಂಗವನ್ನೇ ವಿಸ್ತರಿಸಬಹುದು. ಲೈಬ್ರರಿಯನ್ನು ಬರಲಿರುವ ಆವೃತ್ತಿಯ ಮೇಲೆ ಓಡಿಸಿ ನೋಡುವುದೆಂದರೆ ಇಂತಹ ತಾಲೀಮು.

ರಂಗವನ್ನೇ ವಿಸ್ತರಿಸುವ ಮಾತು ಕೇವಲ ಅಲಂಕಾರವಲ್ಲ. ಪೈಥಾನಿನ ಹೊಸ ಆವೃತ್ತಿ ಒಮ್ಮೆಲೇ ಬಂದಿಳಿಯುವುದಿಲ್ಲ. ಮೊದಲು ಆಲ್ಫಾ ಎಂಬ ಹಸಿ ರೂಪಗಳು ಹೊರಬೀಳುತ್ತವೆ. ಆಗ ಏನು ಬೇಕಾದರೂ ಸೇರಬಹುದು, ಏನು ಬೇಕಾದರೂ ಹೋಗಬಹುದು. ಸಾಮಾನ್ಯವಾಗಿ ಮೇ ತಿಂಗಳಿನಲ್ಲಿ ಮೊದಲ ಬೀಟಾ ಬರುತ್ತದೆ. ಅಲ್ಲಿಂದ ಮುಂದೆ ಹೊಸ ಸೌಲಭ್ಯಗಳಿಗೆ ಬಾಗಿಲು ಮುಚ್ಚಿದಂತೆ. ತಪ್ಪು ತಿದ್ದುವುದೊಂದೇ ಕೆಲಸ. ಆಗಸ್ಟಿನ ಆಸುಪಾಸಿನಲ್ಲಿ ಅಂತಿಮ ಕರಡು ಸಿದ್ಧವಾಗುತ್ತದೆ, ಅಕ್ಟೋಬರಿನಲ್ಲಿ ಬಿಡುಗಡೆ. ಮೇ ತಿಂಗಳಿನಲ್ಲಿ ತೊಂದರೆಯನ್ನು ಕಂಡು ತಿಳಿಸಿದವನ ಮಾತಿಗೆ ಭಾಷೆಯನ್ನೇ ತಿದ್ದಿಸುವ ಶಕ್ತಿಯುಂಟು. ಅದೇ ತೊಂದರೆಯನ್ನು ನವೆಂಬರಿನಲ್ಲಿ ಕಂಡವನು ತನ್ನ ಲೈಬ್ರರಿಯನ್ನೇ ಭಾಷೆಗೆ ಹೊಂದಿಸಿಕೊಳ್ಳಬೇಕಾದೀತು.

ಇದಕ್ಕೆ 3.9ರ ಪ್ರಸಂಗ ಸಾಕ್ಷಿ. ಪೈಥಾನಿನ ‘ಕಲೆಕ್ಷನ್ಸ್’ ಎಂಬ ಅಂಗದಲ್ಲಿದ್ದ ಕೆಲವು ಹೆಸರುಗಳನ್ನು 2012ರಲ್ಲಿ ಬಂದ 3.3ರ ಕಾಲಕ್ಕೇ ಬೇರೊಂದು ಮನೆಗೆ ಸಾಗಿಸಲಾಗಿತ್ತು. ಹಳೆಯ ವಿಳಾಸದಲ್ಲಿ ಕೇಳಿದವರಿಗೂ ಅವು ಸಿಗುತ್ತಿದ್ದವು. ಈ ಹಳೆಯ ವಿಳಾಸವನ್ನು 3.9ರಲ್ಲಿ ಅಳಿಸಿಬಿಡಬೇಕೆಂದು ಭಾಷೆಯನ್ನು ನೋಡಿಕೊಳ್ಳುವವರು ತೀರ್ಮಾನಿಸಿ, ಆಲ್ಫಾ ರೂಪದಲ್ಲಿ ಅಳಿಸಿಯೂ ಬಿಟ್ಟರು. ಫೆಡೋರಾ ಎಂಬ ಲಿನಕ್ಸ್ ವಿತರಣೆಯವರು ತಮ್ಮಲ್ಲಿರುವ ಪೈಥಾನ್ ತಂತ್ರಾಂಶಗಳನ್ನೆಲ್ಲ ಬರಲಿರುವ ಆವೃತ್ತಿಯ ಮೇಲೆ ಮುಂಗಡವಾಗಿ ಕಟ್ಟಿ ನೋಡುವ ಪರಿಪಾಠ ಇಟ್ಟುಕೊಂಡಿದ್ದಾರೆ. ಹಾಗೆ ಕಟ್ಟಿ ನೋಡಿದಾಗ ಮುರಿದು ಬಿದ್ದವುಗಳ ಸಂಖ್ಯೆ ನಿರೀಕ್ಷೆಗೆ ಮೀರಿತ್ತು. ಎಂಟು ವರ್ಷಗಳಲ್ಲಿಯೂ ಬಹುಮಂದಿ ವಿಳಾಸ ಬದಲಿಸಿಕೊಂಡಿರಲಿಲ್ಲ! ಕೊನೆಗೆ ಅಳಿಸಿದ್ದನ್ನು ಮರಳಿ ಬರೆದು, ಇನ್ನೊಂದು ವರ್ಷದ ಅವಕಾಶ ಕೊಟ್ಟು, 2021ರ 3.10ರಲ್ಲಿ ಅದನ್ನು ನಿಜವಾಗಿ ತೆಗೆದುಹಾಕಲಾಯಿತು. ಆಲ್ಫಾ ಹಂತದಲ್ಲಿ ಪರೀಕ್ಷಿಸಿದವರು ಇಲ್ಲದಿದ್ದರೆ 2020ರ ಅಕ್ಟೋಬರಿನಲ್ಲಿ ಎಷ್ಟು ಕಡೆ ಕೆಲಸ ನಿಲ್ಲುತ್ತಿತ್ತೆಂಬುದನ್ನು ಊಹಿಸಬಹುದು.

ಇಂತಹ ತೆಗೆದುಹಾಕುವಿಕೆಗೆ ಮುನ್ಸೂಚನೆ ಇರುತ್ತದೆ. ಕಡೆಯ ಪಕ್ಷ ಎರಡು ಆವೃತ್ತಿಗಳ ಕಾಲ ಎಚ್ಚರಿಕೆ ಕೊಟ್ಟಲ್ಲದೆ ಯಾವುದನ್ನೂ ಕೀಳಬಾರದೆಂಬ ನಿಯಮವೂ ಇದೆ. ಆದರೆ ವಿಚಿತ್ರವೆಂದರೆ, ಪೈಥಾನ್ ಈ ಬಗೆಯ ಎಚ್ಚರಿಕೆಗಳಲ್ಲಿ ಬಹುಪಾಲನ್ನು ತಾನಾಗಿ ತೋರಿಸುವುದಿಲ್ಲ. ಸಾಮಾನ್ಯ ಬಳಕೆದಾರನಿಗೆ ಗಾಬರಿಯಾಗದಿರಲೆಂದು ಅವನ್ನು ಮರೆಯಲ್ಲಿಡಲಾಗಿದೆ. ಪರೀಕ್ಷಿಸುವವನು ಅವನ್ನು ಬಲವಂತವಾಗಿ ಹೊರಗೆಳೆಯಬೇಕು. ಪ್ರತಿ ಎಚ್ಚರಿಕೆಯನ್ನೂ ದೋಷವೆಂದೇ ಎಣಿಸು ಎಂದು ಯಂತ್ರಕ್ಕೆ ಆಜ್ಞಾಪಿಸಲು ಒಂದು ಸೌಕರ್ಯವಿದೆ. ಅದನ್ನು ಬಳಸದೆ ‘ಎಲ್ಲವೂ ಸರಿಯಾಗಿದೆ’ ಎಂದುಕೊಳ್ಳುವುದು ಬಂದ ಕಾಗದವನ್ನು ಒಡೆಯದೆ ‘ಸುದ್ದಿಯೇನೂ ಇಲ್ಲ’ ಎಂದಂತೆ.

ಕೆಲವೊಮ್ಮೆ ಪರೀಕ್ಷಿಸುವ ಸಾಧನವೇ ಪರೀಕ್ಷೆಗೊಳಗಾಗುವುದೂ ಉಂಟು. ಎರಡು ಉತ್ತರಗಳು ಸಮವೇ ಎಂದು ನೋಡುವ ‘ಅಸರ್ಟ್‌ಈಕ್ವಲ್’ ಎಂಬ ವಿಧಿಗೆ, ಕೊನೆಯಲ್ಲಿ ಒಂದು ಸಕಾರ ಹೆಚ್ಚಾದ ‘ಅಸರ್ಟ್‌ಈಕ್ವಲ್ಸ್’ ಎಂಬ ಅಡ್ಡಹೆಸರೂ ಇತ್ತು. 2023ರ ಅಕ್ಟೋಬರ್ 2ರಂದು ಬಂದ 3.12 ಆ ಅಡ್ಡಹೆಸರನ್ನು ಕಿತ್ತುಹಾಕಿತು. ಲೈಬ್ರರಿಯಲ್ಲಿ ಕಿಂಚಿತ್ತೂ ದೋಷವಿಲ್ಲದಿದ್ದರೂ, ಒಂದು ಸಕಾರದ ದೆಸೆಯಿಂದ ಅದರ ಪರೀಕ್ಷೆಗಳು ಸಾಲುಸಾಲಾಗಿ ಬಿದ್ದವು.

ಇಷ್ಟು ಸಾಮಾನ್ಯ ವಿಚಾರ. ಕನ್ನಡದ ಲೈಬ್ರರಿಗಳಿಗೆ ವಿಶಿಷ್ಟವಾದ ಸಂಗತಿ ಇನ್ನು ಮುಂದಿನದು. ಲೋಕದ ಬೇರೆ ಯಾರೂ ಕನ್ನಡಿಗರ ಪರವಾಗಿ ಈ ಭಾಗವನ್ನು ನೋಡಿಕೊಳ್ಳಲಾರರು.

ಪೈಥಾನಿನ ಜೊತೆಗೇ ಬರುವ ಪಠ್ಯಶೋಧಕ ಲೈಬ್ರರಿಗೆ ‘ಈ ಸಾಲಿನ ಪದಗಳನ್ನು ಬಿಡಿಸಿಕೊಡು’ ಎಂದು ವಾಡಿಕೆಯ ರೀತಿಯಲ್ಲಿ ಹೇಳಿ ‘ಗುಬ್ಬಿ’ ಎಂಬ ಹೆಸರನ್ನು ಕೊಟ್ಟರೆ, ಅದು ಗ, ಬ, ಬ ಎಂಬ ಮೂರು ತುಂಡುಗಳನ್ನು ಮರಳಿಸುತ್ತದೆ. ಸ್ವರಚಿಹ್ನೆಗಳೂ ವಿರಾಮವೂ ಅದರ ಲೆಕ್ಕದಲ್ಲಿ ಪದದ ಭಾಗವಲ್ಲ. ಇಂಗ್ಲಿಷಿನ ಪದಗಳಿಗೆ ಈ ಲೆಕ್ಕದಿಂದ ಯಾವ ಬಾಧಕವೂ ಇಲ್ಲವಾದುದರಿಂದ, ಇಂಗ್ಲಿಷ್ ಪದಗಳಿಂದಲೇ ಪರೀಕ್ಷಿಸಿದ ಲೈಬ್ರರಿ ಪ್ರತಿ ಆವೃತ್ತಿಯಲ್ಲಿಯೂ ನಿರಾತಂಕವಾಗಿ ತೇರ್ಗಡೆಯಾಗುತ್ತದೆ. ಆ ಲೈಬ್ರರಿಯನ್ನು ನಂಬಿ ಕನ್ನಡದ ನಿಘಂಟನ್ನೋ ಶಾಲೆಯ ಹಾಜರಿ ಪಟ್ಟಿಯನ್ನೋ ಸಿದ್ಧಪಡಿಸಿದವನ ಕೈಗೆ ಬರುವುದು ಗುಣಿತ ಕಳಚಿದ ವ್ಯಂಜನಗಳ ರಾಶಿ. ಹೀಗಾಗಿ ಅನುಭವಸ್ಥರು ಮ್ಯಾಥ್ಯೂ ಬಾರ್ನೆಟ್ ಅವರ ‘ರಿಜೆಕ್ಸ್’ ಎಂಬ ಬೇರೊಂದು ಲೈಬ್ರರಿಯನ್ನು ಬಳಸುತ್ತಾರೆ. ಅದು ಚಿಹ್ನೆಗಳನ್ನೂ ಪದದೊಳಗೆ ಸೇರಿಸಿಕೊಳ್ಳುತ್ತದೆ. ಇಲ್ಲಿ ಮತ್ತೊಂದು ತೊಡಕಿದೆ. ರಿಜೆಕ್ಸ್‌ನ ಮುಖ್ಯ ಭಾಗ ಸಿ ಭಾಷೆಯಲ್ಲಿ ಬರೆದದ್ದು. ಅಂತಹ ಭಾಗಗಳನ್ನು ಪೈಥಾನಿನ ಹೊಸ ಆವೃತ್ತಿಗೆ ತಕ್ಕಂತೆ ಹೊಸದಾಗಿ ಕಟ್ಟಬೇಕಾಗುತ್ತದೆ. 3.12ರಲ್ಲಿ ಪಠ್ಯವನ್ನು ನೆನಪಿನಲ್ಲಿಡುವ ಒಳರಚನೆಯಿಂದಲೇ ಒಂದು ಹಳೆಯ ಅಂಗವನ್ನು ತೆಗೆದು, ಪ್ರತಿ ಪಠ್ಯವಸ್ತುವಿನಲ್ಲಿ ಕನಿಷ್ಠ 8 ಬೈಟುಗಳ ಜಾಗವನ್ನು ಉಳಿಸಲಾಯಿತು. ಉಳಿತಾಯ ಒಳ್ಳೆಯದೇ. ಆದರೆ ಆ ಹಳೆಯ ಅಂಗವನ್ನು ನೇರವಾಗಿ ಮುಟ್ಟುತ್ತಿದ್ದ ಸಿ ಕ್ರಮವಿಧಿಗಳು ಹೊಸ ಆವೃತ್ತಿಯಲ್ಲಿ ಕಟ್ಟಿಕೊಳ್ಳಲಾರದೆ ಹೋದವು. ಕನ್ನಡ ಲೈಬ್ರರಿಯೊಂದು ಸ್ವತಃ ಶುದ್ಧ ಪೈಥಾನಿನಲ್ಲಿದ್ದರೂ, ತಾನು ಒರಗಿರುವ ಕಂಬಗಳು ನಿಂತಿವೆಯೇ ಎಂಬುದನ್ನು ಪರೀಕ್ಷಿಸಲೇಬೇಕು.

ಇನ್ನು ಉತ್ತರವೇ ಬದಲಾಗುವ ಪ್ರಸಂಗಗಳು. ಪೈಥಾನಿನ ಪ್ರತಿ ಆವೃತ್ತಿಯೊಳಗೂ ಆ ಕಾಲದ ಯೂನಿಕೋಡ್ ಕೋಷ್ಟಕದ ಒಂದು ಪ್ರತಿ ಅಡಗಿರುತ್ತದೆ. ‘ಈ ಸಂಕೇತ ಅಕ್ಷರವೇ, ಚಿಹ್ನೆಯೇ, ಅಂಕಿಯೇ’ ಎಂಬ ಪ್ರಶ್ನೆಗೆ ಭಾಷೆ ಉತ್ತರಿಸುವುದು ಅದನ್ನು ನೋಡಿಯೇ. 3.10ರಲ್ಲಿದ್ದದ್ದು 13ನೆಯ ಯೂನಿಕೋಡ್, 3.11ರಲ್ಲಿ 14ನೆಯದು, 3.12ರಲ್ಲಿ 15ನೆಯದು. ಹಳಗನ್ನಡದ ಬರವಣಿಗೆಯಲ್ಲಿ ಸ್ವರವಿಲ್ಲದ ನಕಾರಕ್ಕೆ ಪ್ರತ್ಯೇಕವಾದ ಒಂದು ರೂಪವಿತ್ತು. ಅದನ್ನು ನಕಾರ ಪೊಲ್ಲು ಎನ್ನುತ್ತಾರೆ. 2021ರ ಸೆಪ್ಟೆಂಬರಿನಲ್ಲಿ ಬಂದ 14ನೆಯ ಯೂನಿಕೋಡಿನಲ್ಲಿ ಅದಕ್ಕೆ 3293ನೆಯ ಸ್ಥಾನ ದೊರೆಯಿತು. ಈ ಸಂಕೇತವನ್ನು ತೋರಿಸಿ ‘ಇದು ಅಕ್ಷರವೇ?’ ಎಂದು 3.10ನ್ನು ಕೇಳಿದರೆ ‘ಅಲ್ಲ’ ಎನ್ನುತ್ತದೆ. 3.11 ‘ಹೌದು’ ಎನ್ನುತ್ತದೆ. ಎರಡೂ ತಮ್ಮ ತಮ್ಮ ಕೋಷ್ಟಕಕ್ಕೆ ನಿಷ್ಠವಾಗಿಯೇ ಇವೆ.

ಅಕ್ಷರವಲ್ಲದ್ದನ್ನೆಲ್ಲ ಕಸವೆಂದು ತೆಗೆದುಹಾಕಿ ಪಠ್ಯವನ್ನು ಶುಚಿಗೊಳಿಸುವ ಲೈಬ್ರರಿಯೊಂದನ್ನು ಊಹಿಸಿಕೊಳ್ಳಬಹುದು. ಶಾಸನವೊಂದರ ಪಾಠವನ್ನು 3.10ರ ಮೇಲೆ ಅದರಲ್ಲಿ ಹಾಯಿಸಿದರೆ ಪದಾಂತ್ಯದ ನಕಾರಗಳು ಸದ್ದಿಲ್ಲದೆ ಉದುರಿಹೋಗುತ್ತವೆ, 3.11ರ ಮೇಲೆ ಹಾಯಿಸಿದರೆ ಉಳಿಯುತ್ತವೆ. ಒಂದೇ ಶಾಸನಕ್ಕೆ ಎರಡು ಪಾಠಗಳು! ಯಾವ ದೋಷವೂ ಘೋಷಿತವಾಗುವುದಿಲ್ಲ, ಯಾವ ಎಚ್ಚರಿಕೆಯೂ ಏಳುವುದಿಲ್ಲ. ಇದನ್ನು ಮೊದಲೇ ಹಿಡಿಯಲು ಇರುವ ಉಪಾಯ ಒಂದೇ. ನಕಾರ ಪೊಲ್ಲು ಇರುವ ಒಂದು ಪದವನ್ನು ಪರೀಕ್ಷಾ ಪಟ್ಟಿಯಲ್ಲಿ ಸೇರಿಸಿ, ಅದಕ್ಕೆ ಬರಬೇಕಾದ ಉತ್ತರವನ್ನು ಬರೆದಿಟ್ಟಿರಬೇಕು. ಹಾಗೆ ಮಾಡಿದ್ದವರಿಗೆ 2022ರ ಮೇ ತಿಂಗಳ ಮೊದಲ ಬೀಟಾದಲ್ಲಿಯೇ ವ್ಯತ್ಯಾಸ ಗೋಚರಿಸುತ್ತಿತ್ತು, ಬಿಡುಗಡೆಗೆ ಐದು ತಿಂಗಳು ಮೊದಲು. 15ನೆಯ ಯೂನಿಕೋಡಿನಲ್ಲಿ 3315ನೆಯ ಸ್ಥಾನ ಪಡೆದ ಇನ್ನೊಂದು ಚಿಹ್ನೆಯ ಕಥೆಯೂ ಹೀಗೆಯೇ. ಕನ್ನಡ ಲಿಪಿಯಲ್ಲಿ ಬರೆಯುವ ಕೊಂಕಣಿಗೂ ಹವ್ಯಕ ಕನ್ನಡಕ್ಕೂ ಬೇಕಾದ ಆ ಚಿಹ್ನೆಯನ್ನು 3.12 ಮಾತ್ರ ಗುರುತಿಸುತ್ತದೆ, 3.11 ಗುರುತಿಸದು. ಕನ್ನಡವೂ ಸೇರಿದಂತೆ ಹಲವು ಲಿಪಿಗಳ ಇಂತಹ ಬಿಟ್ಟುಹೋದ ಅಕ್ಷರಗಳಿಗಾಗಿ ಯೂನಿಕೋಡಿಗೆ ಪ್ರಸ್ತಾವಗಳನ್ನು ಕಳುಹಿಸುತ್ತ ಬಂದವರಲ್ಲಿ ತುಮಕೂರಿನ ಶ್ರೀನಿಧಿ ಎ. ಮತ್ತು ಶ್ರೀದತ್ತ ಎ. ಅವರ ಹೆಸರುಗಳು ಪದೇ ಪದೇ ಕಾಣುತ್ತವೆಂಬುದು ಈ ಜಿಲ್ಲೆಯವರು ತಿಳಿದಿರಬೇಕಾದ ವಿಷಯ.

2023ರ ಸೆಪ್ಟೆಂಬರಿನಲ್ಲಿ ಬಂದ 15.1ನೆಯ ಯೂನಿಕೋಡ್ ಒಂದು ವಿಚಿತ್ರ ಸನ್ನಿವೇಶವನ್ನು ತಂದಿತು. ಓದುಗನ ಕಣ್ಣಿಗೆ ಒಂದಾಗಿ ಕಾಣುವ ಅಕ್ಷರಗುಚ್ಛವನ್ನು ಯಂತ್ರ ಎಲ್ಲಿ ತುಂಡರಿಸಬೇಕು, ಎಲ್ಲಿ ತುಂಡರಿಸಬಾರದು ಎಂಬ ನಿಯಮಗಳಿಗೆ ಒತ್ತಕ್ಷರಗಳನ್ನು ಕಾಪಾಡುವ ಒಂದು ಹೊಸ ನಿಯಮ ಸೇರಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳ, ಈ ಆರು ಲಿಪಿಗಳು ಅದರ ವ್ಯಾಪ್ತಿಗೆ ಬಂದವು, ಕನ್ನಡ ಬರಲಿಲ್ಲ. ಅದರಂತೆ ಗುಬ್ಬಿ ಎಂಬ ಹೆಸರನ್ನು ತೆಲುಗು ಲಿಪಿಯಲ್ಲಿ ಬರೆದರೆ ಎರಡು ಗುಚ್ಛಗಳು. ಕನ್ನಡದಲ್ಲಿ ಬರೆದರೆ ಗು, ಬ್, ಬಿ ಎಂದು ಮೂರು! ಅಕ್ಕಪಕ್ಕದ, ಒಂದೇ ಮೂಲದ ಎರಡು ಲಿಪಿಗಳಿಗೆ ಎರಡು ಲೆಕ್ಕ. ಹೆಸರನ್ನು ಹತ್ತು ಅಕ್ಷರಗಳಿಗೆ ಮೊಟಕುಗೊಳಿಸುವ ಕ್ರಮವಿಧಿ ಈ ನಿಯಮವನ್ನು ಅನುಸರಿಸಿದರೆ ಕನ್ನಡದ ಒತ್ತಕ್ಷರವನ್ನು ನಡುವೆ ಕತ್ತರಿಸೀತು, ತೆಲುಗಿನದನ್ನು ಕತ್ತರಿಸದು. ತೆಲುಗಿನ ಪದಗಳಿಂದ ಪರೀಕ್ಷಿಸಿ ‘ದಕ್ಷಿಣದ ಭಾಷೆಗಳಿಗೆಲ್ಲ ಸರಿಹೋಗುತ್ತದೆ’ ಎಂದು ಭಾವಿಸಿದ ಲೈಬ್ರರಿಕಾರ ಇಲ್ಲಿ ಮೋಸ ಹೋಗುತ್ತಾನೆ.

ಎಲ್ಲ ಉತ್ತರಗಳೂ ಬದಲಾಗಬಲ್ಲವೆಂದು ಇದರಿಂದ ತಿಳಿಯಬಾರದು. ಕೆಲವು ಎಂದಿಗೂ ಬದಲಾಗಕೂಡದು. ‘ತೋಟ’ ಎಂಬ ಪದದ ಓಕಾರವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎಕಾರದ ಚಿಹ್ನೆ, ಊಕಾರದ ಚಿಹ್ನೆ ಮತ್ತು ದೀರ್ಘದ ಗುರುತು ಎಂಬ ಮೂರು ಸಂಕೇತಗಳಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಯಂತ್ರದ ಲೆಕ್ಕದಲ್ಲಿ ಮಾತ್ರ ಒಂದು ಮೂರು ಸಂಕೇತಗಳ ಪದ, ಇನ್ನೊಂದು ಐದು ಸಂಕೇತಗಳದು. ಇವನ್ನು ಸಮನ್ವಯಗೊಳಿಸುವ ವಿಧಿ ಪೈಥಾನಿನಲ್ಲಿದೆ. ಒಮ್ಮೆ ನೆಲೆಗೊಂಡ ಅಕ್ಷರಗಳ ಸಮನ್ವಯ ಬದಲಾಗದೆಂಬ ವಚನವನ್ನು ಯೂನಿಕೋಡ್ ಕೊಟ್ಟಿದೆ. ಈ ಪರೀಕ್ಷೆ ಹೊಸ ಬೀಟಾದಲ್ಲಿ ಬಿದ್ದರೆ ತಪ್ಪು ಲೈಬ್ರರಿಯದಲ್ಲ, ಭಾಷೆಯದೇ; ವಿಳಂಬವಿಲ್ಲದೆ ಭಾಷೆಯ ಕರ್ತೃಗಳಿಗೆ ತಿಳಿಸಬೇಕು. ಬಿದ್ದ ಪರೀಕ್ಷೆಯನ್ನು ಮುಂದಿಟ್ಟುಕೊಂಡು, ಬದಲಾಗಬಹುದಾದ ಉತ್ತರವೇ ಅಥವಾ ಬದಲಾಗಕೂಡದ ಉತ್ತರವೇ ಎಂದು ನಿರ್ಣಯಿಸುವುದರಲ್ಲಿಯೇ ಪರೀಕ್ಷಕನ ನಿಜವಾದ ಕೆಲಸವಿದೆ. ಪರೀಕ್ಷೆಗಳನ್ನು ಓಡಿಸುವುದು ಯಂತ್ರದ ಪಾಲು.

ಕೆಲವು ವೇಳೆ ಪರೀಕ್ಷೆಯೇ ತಪ್ಪಾಗಿರುವುದೂ ಸಾಧ್ಯ. 2012ರ 3.3ರಲ್ಲಿ, ದುರುದ್ದೇಶದವರ ಉಪಟಳವನ್ನು ತಡೆಯಲೆಂದು, ಗಣಗಳಲ್ಲಿಟ್ಟ ಪದಗಳ ಅನುಕ್ರಮ ಪ್ರತಿ ಓಟಕ್ಕೂ ಬದಲಾಗುವಂತೆ ಮಾಡಲಾಯಿತು. ಮೊದಲು ಬರುವುದು ತುಮಕೂರು, ಆಮೇಲೆ ಕುಣಿಗಲ್ ಎಂದು ಹಾಗೆಯೇ ನಂಬಿದ್ದ ಪರೀಕ್ಷೆಗಳು ಒಂದು ದಿನ ಗೆದ್ದು ಮರುದಿನ ಸೋಲತೊಡಗಿದವು. ಅನುಕ್ರಮದ ಭರವಸೆಯನ್ನು ಭಾಷೆ ಎಂದೂ ಕೊಟ್ಟಿರಲಿಲ್ಲ.

ಇಂತಹ ಪರೀಕ್ಷೆಗೆ ದೊಡ್ಡ ಸಂಸ್ಥೆಯೂ ದುಬಾರಿ ಯಂತ್ರವೂ ಬೇಕಿಲ್ಲ. ಬೀಟಾ ರೂಪಗಳನ್ನು ಪೈಥಾನಿನ ಅಧಿಕೃತ ತಾಣ ಯಾರಿಗೂ ಉಚಿತವಾಗಿ ಕೊಡುತ್ತದೆ. ಹಳೆಯ ಆವೃತ್ತಿಯನ್ನು ಅಳಿಸದೆ ಅದರ ಪಕ್ಕದಲ್ಲಿಯೇ ಹೊಸದನ್ನು ಇರಿಸಿಕೊಳ್ಳಬಹುದು. ಲೈಬ್ರರಿಗಾಗಿ ಬೇರ್ಪಡಿಸಿದ ಒಂದು ಆವರಣವನ್ನು ನಿರ್ಮಿಸಿ, ಮೊದಲು ಹಳೆಯದರ ಮೇಲೆ, ಆಮೇಲೆ ಹೊಸದರ ಮೇಲೆ ಪರೀಕ್ಷೆಗಳನ್ನು ಓಡಿಸಬೇಕು. ಈ ಮೊದಲ ಹೆಜ್ಜೆಯನ್ನು ಆತುರಗಾರರು ಬಿಟ್ಟುಬಿಡುತ್ತಾರೆ. ಹಳೆಯದರ ಮೇಲೆಯೇ ಬೀಳುತ್ತಿದ್ದ ಪರೀಕ್ಷೆಯ ಅಪವಾದವನ್ನು ಹೊಸದರ ತಲೆಗೆ ಕಟ್ಟುವುದು ನ್ಯಾಯವಲ್ಲ. ದೂರು ಬರೆಯುವಾಗ ಲೈಬ್ರರಿಯನ್ನು ಇಡಿಯಾಗಿ ಕಳುಹಿಸದೆ, ದೋಷವನ್ನು ತೋರಿಸುವ ಎರಡು ಮೂರು ಸಾಲುಗಳನ್ನಷ್ಟೇ ಬೇರ್ಪಡಿಸಿ, ಬಂದ ಉತ್ತರ ಯಾವುದು, ಬರಬೇಕಾಗಿದ್ದುದು ಯಾವುದು ಎಂದು ಬರೆಯಬೇಕು. ಕನ್ನಡ ಬಾರದ ಭಾಷಾಕರ್ತೃವಿಗೆ ‘ಗುಬ್ಬಿ’ ತುಂಡಾಗಿದೆಯೆಂದು ಹೇಳಿದರೆ ಅರ್ಥವಾಗದಿದ್ದೀತು. ಆರು ಸಂಖ್ಯೆಗಳ ಸಾಲನ್ನು ಕೊಟ್ಟು ಎಲ್ಲಿ ತುಂಡಾಯಿತೆಂದು ತೋರಿಸಿದರೆ ಅರ್ಥವಾಗುತ್ತದೆ. ಪರೀಕ್ಷಾ ಪಟ್ಟಿಗೆ ಬೇಕಾದ ಪದಗಳಂತೂ ಪ್ರೌಢಶಾಲೆಯ ವ್ಯಾಕರಣ ಪಾಠದಲ್ಲಿಯೇ ಸಿಗುತ್ತವೆ: ಒತ್ತಕ್ಷರ, ಅರ್ಕಾವೊತ್ತು, ಅನುಸ್ವಾರ, ವಿಸರ್ಗ, ಹಳಗನ್ನಡದ ಱ ಮತ್ತು ೞ, ಕನ್ನಡ ಅಂಕಿಗಳು.

2025ರ ಸೆಪ್ಟೆಂಬರಿನಲ್ಲಿ ಪ್ರಕಟವಾದ 17ನೆಯ ಯೂನಿಕೋಡಿನಲ್ಲಿ ಕನ್ನಡದ ಪ್ರಾಚೀನ ಶ್ರೀಕಾರಕ್ಕೆ 3292ನೆಯ ಸ್ಥಾನ ದೊರೆತಿದೆ. ಅದೇ ಅಕ್ಟೋಬರಿನಲ್ಲಿ ಬಂದ ಪೈಥಾನ್ 3.14ರೊಳಗಿರುವುದು 16ನೆಯ ಯೂನಿಕೋಡಾದುದರಿಂದ, ಆ ಶ್ರೀಕಾರದಿಂದ ಆರಂಭವಾಗುವ ಹಳೆಯ ಪಾಠವನ್ನು ಅದು ಅಕ್ಷರವಲ್ಲದ ಯಾವುದೋ ಒಂದು ಗುರುತಿನಿಂದ ಮೊದಲಾಗುತ್ತದೆಂದೇ ಓದುತ್ತದೆ. 3.15ರ ವೇಳಾಪಟ್ಟಿಯಲ್ಲಿ ಮೊದಲ ಬೀಟಾಕ್ಕೆ 2026ರ ಮೇ ತಿಂಗಳನ್ನೂ ಅಂತಿಮ ಬಿಡುಗಡೆಗೆ ಅದೇ ವರ್ಷದ ಅಕ್ಟೋಬರನ್ನೂ ಗೊತ್ತುಪಡಿಸಲಾಗಿದೆ. ಕನ್ನಡ ಪಠ್ಯದ ಲೈಬ್ರರಿಗಳನ್ನು ನೋಡಿಕೊಳ್ಳುವವರು 3292 ಎಂಬ ಸಂಖ್ಯೆಯನ್ನು ತಮ್ಮ ಪರೀಕ್ಷಾ ಪಟ್ಟಿಯ ಮೊದಲ ಸಾಲಿನಲ್ಲಿ ಬರೆದುಕೊಂಡು ಎರಡೂ ಆವೃತ್ತಿಗಳನ್ನು ಪ್ರಶ್ನಿಸಿ ನೋಡಬಹುದು.